ಮುಂದಿನ ಕನ್ಸೋಲಿಗೆ ಎಷ್ಟು ಕಸುವು ಬೇಕು?

ಹೊಸ ಗೇಮ್ ಕನ್ಸೋಲ್ ಬರ್ತಾ ಇದೆ ಅನ್ನೋ ಸುದ್ದಿ ಹುಟ್ಟಿದ ಕೂಡಲೇ ಅದರ ಬೆನ್ನಿಗೇ ಒಂದು ಸಂಖ್ಯೆಯೂ ಹುಟ್ಟುತ್ತೆ. ತೊಂಬತ್ತರ ದಶಕದಲ್ಲಿ ಆ ಸಂಖ್ಯೆಯ ಹೆಸರು ಬಿಟ್. ಎಂಟು ಬಿಟ್, ಹದಿನಾರು, ಮೂವತ್ತೆರಡು, ಅರವತ್ನಾಲ್ಕು. ಆಮೇಲೆ ಮೆಗಾಹರ್ಟ್ಸ್ ಬಂತು, ಸೆಕೆಂಡಿಗೆ ಎಷ್ಟು ಪಾಲಿಗಾನ್ ಅನ್ನೋ ಲೆಕ್ಕ ಬಂತು. ಈಗ ಟೆರಾಫ್ಲಾಪ್. 2020ರ ನವೆಂಬರಿನಲ್ಲಿ ಎರಡು ಕನ್ಸೋಲ್‌ಗಳು ಒಂದೇ ವಾರದಲ್ಲಿ ಅಂಗಡಿಗೆ ಬಂದವು. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನದ್ದು 12 ಟೆರಾಫ್ಲಾಪ್, ಪ್ಲೇಸ್ಟೇಷನ್ 5ರದ್ದು 10.28. ತಿಂಗಳುಗಟ್ಟಲೆ ಇದರ ಮೇಲೇ ಜಗಳ ನಡೀತು. ಕೊನೆಗೆ ಹೆಚ್ಚು ಮಾರಾಟವಾಗಿದ್ದು ಯಾವುದು? 10.28ರದ್ದು.

ಮುಂದಿನ ತಲೆಮಾರಿನ ಕನ್ಸೋಲಿಗೆ ಎಷ್ಟು ಕಸುವು ಇರಬೇಕು ಅಂತ ಕೇಳಿದರೆ ನನ್ನ ಗೆಳೆಯರಲ್ಲಿ ಬಹಳಷ್ಟು ಜನ "ಎಷ್ಟು ಸಿಕ್ಕರೆ ಅಷ್ಟು" ಅಂತಾರೆ. ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೆಯೋ ನನಗೆ ಆ ಉತ್ತರ ಒಪ್ಪಿಗೆಯಾಗಲ್ಲ. ಯಾಕೆ ಅಂತ ಹೇಳೋಕೆ ಐವತ್ತು ವರ್ಷದ ಕಥೆಯನ್ನೊಮ್ಮೆ ಮೇಲಿಂದ ಮೇಲೆ ನೋಡಬೇಕು.

1977ರಲ್ಲಿ ಬಂದ ಅಟಾರಿ 2600 ಒಳಗಿದ್ದ ರ‍್ಯಾಮ್ 128 ಬೈಟ್. ಕಿಲೋಬೈಟ್ ಅಲ್ಲ, ಬೈಟ್. ಈಗ ನೀವು ಓದ್ತಾ ಇರೋ ಈ ಒಂದು ವಾಕ್ಯವನ್ನು ಯುನಿಕೋಡ್ ಕನ್ನಡದಲ್ಲಿ ಇಟ್ಟುಕೊಳ್ಳೋಕೂ ಅಷ್ಟು ಜಾಗ ಸಾಲಲ್ಲ. ಒಂದು ಇಡೀ ಚಿತ್ರವನ್ನು ನೆನಪಿಟ್ಟುಕೊಳ್ಳುವಷ್ಟೂ ತಾಕತ್ತಿಲ್ಲದ ಯಂತ್ರ ಅದು. ಟೀವಿಯ ಕಿರಣ ಮೇಲಿಂದ ಕೆಳಗೆ ಒಂದೊಂದೇ ಗೆರೆ ಎಳೀತಾ ಹೋಗುವಾಗ, ಅದರ ಜೊತೆಜೊತೆಗೇ ಓಡುತ್ತಾ ಪ್ರೋಗ್ರಾಂ ಚಿತ್ರ ಬಿಡಿಸಬೇಕಿತ್ತು. ಇಷ್ಟರಲ್ಲೇ ಡೇವಿಡ್ ಕ್ರೇನ್ 1982ರಲ್ಲಿ 'ಪಿಟ್‌ಫಾಲ್' ಬರೆದರು. 4 ಕಿಲೋಬೈಟಿನ ಕಾರ್ಟ್ರಿಜ್, ಅದರಲ್ಲಿ ಕಾಡಿನ 255 ದೃಶ್ಯಗಳು. ಅಷ್ಟನ್ನೂ ತುಂಬಿಡೋಕೆ ಜಾಗವೆಲ್ಲಿ? ಹಾಗಾಗಿ ತುಂಬಿಡಲೇ ಇಲ್ಲ. ಒಂದು ಸಣ್ಣ ಲೆಕ್ಕ ಇಟ್ಟುಕೊಂಡು, ಆಟಗಾರ ಹೆಜ್ಜೆ ಇಟ್ಟ ಹಾಗೆ ಮುಂದಿನ ದೃಶ್ಯವನ್ನು ಆ ಕ್ಷಣದಲ್ಲೇ ಹುಟ್ಟಿಸಿದರು.

ಮಾರನೆಯ ವರ್ಷ ಅಮೆರಿಕದ ಗೇಮ್ ಮಾರುಕಟ್ಟೆ ನೆಲಕಚ್ಚಿತು. ಅದಕ್ಕೆ ಯಂತ್ರ ಬಡಕಲಾಗಿದ್ದಷ್ಟೇ ಕಾರಣವಲ್ಲ. ಸಿಕ್ಕಸಿಕ್ಕವರೆಲ್ಲ ಕಳಪೆ ಆಟ ಮಾಡಿ ಅಂಗಡಿ ತುಂಬಿಸಿದ್ದರು. ಐದಾರು ವಾರದಲ್ಲಿ ಅವಸರದಿಂದ ಮಾಡಿದ 'ಇ.ಟಿ.' ಆಟದ ಮಾರಾಟವಾಗದ ಪ್ರತಿಗಳನ್ನು ನ್ಯೂ ಮೆಕ್ಸಿಕೋದ ಆಲಮಗಾರ್ಡೋದಲ್ಲಿ ಬೇರೆ ಸರಕಿನ ಜೊತೆ ಗುಂಡಿ ತೋಡಿ ಹೂತರು. 2014ರಲ್ಲಿ ಅದನ್ನು ಅಗೆದು ತೆಗೆದಿದ್ದೂ ಆಯ್ತು.

ಈ ಕಥೆಯಲ್ಲಿ ನನಗೆ ಬಹಳ ಇಷ್ಟವಾಗುವ ಮನುಷ್ಯ ಗುನ್ಪೆಯ್ ಯೊಕೊಯ್. 1965ರಲ್ಲಿ ಕ್ಯೋಟೋದ ನಿಂಟೆಂಡೋ ಕಂಪನಿಗೆ ಸೇರಿದಾಗ ಅದು ಇಸ್ಪೀಟೆಲೆ ಮಾಡುವ ಕಂಪನಿ. ಎಲೆ ಮಾಡುವ ಯಂತ್ರಗಳ ರಿಪೇರಿ ನೋಡಿಕೊಳ್ಳೋದು ಇವರ ಕೆಲಸ. ಬಿಡುವಿನಲ್ಲಿ ಮಾಡಿಕೊಂಡ ಒಂದು ಆಟಿಕೆ ಯಜಮಾನರ ಕಣ್ಣಿಗೆ ಬಿತ್ತು. ಅಲ್ಲಿಂದ ಅವರ ದಾರಿಯೇ ಬದಲಾಯಿತು. ಅವರದ್ದೊಂದು ಸಿದ್ಧಾಂತವಿತ್ತು. ಜಪಾನಿ ಮಾತಿನ ಅರ್ಥವನ್ನು ಕನ್ನಡದಲ್ಲಿ ಹೇಳೋದಾದ್ರೆ, "ಬಾಡಿದ ತಂತ್ರಜ್ಞಾನವನ್ನು ಅಡ್ಡದಾರಿಯಿಂದ ಯೋಚಿಸೋದು". ಬಾಡಿದ್ದು ಅಂದರೆ ಕೆಟ್ಟದ್ದು ಅಂತಲ್ಲ. ಹೊಸತನದ ಹುರುಪು ಇಳಿದು, ಬೆಲೆ ಬಿದ್ದು, ಅದರ ಗುಣ ದೋಷವೆಲ್ಲ ಎಲ್ಲರಿಗೂ ಗೊತ್ತಾಗಿರೋ ತಂತ್ರಜ್ಞಾನ. ಅದನ್ನು ಯಾರೂ ಯೋಚಿಸದ ಕೆಲಸಕ್ಕೆ ಹಚ್ಚಬೇಕು ಅನ್ನೋದು ಅವರ ಮಾತು. ಎಪ್ಪತ್ತರ ದಶಕದಲ್ಲಿ ಕ್ಯಾಲ್ಕ್ಯುಲೇಟರ್ ಕಂಪನಿಗಳು ಬೆಲೆ ಇಳಿಸೋ ಪೈಪೋಟಿಗೆ ಬಿದ್ದು ಎಲ್‌ಸಿಡಿ ಪರದೆ ಅಗ್ಗವಾಗಿತ್ತು. ರೈಲಿನಲ್ಲಿ ಒಬ್ಬ ಉದ್ಯೋಗಸ್ಥ ಬೇಜಾರು ಕಳೆಯೋಕೆ ಕ್ಯಾಲ್ಕ್ಯುಲೇಟರ್ ಒತ್ತುತ್ತಾ ಕೂತಿದ್ದನ್ನು ಯೊಕೊಯ್ ನೋಡಿದರು. 1980ರಲ್ಲಿ 'ಗೇಮ್ ಅಂಡ್ ವಾಚ್' ಬಂದಿದ್ದು ಹಾಗೆ.

1989ರಲ್ಲಿ ಅವರ ತಂಡ ಗೇಮ್ ಬಾಯ್ ಮಾಡಿತು. ಬಣ್ಣವಿಲ್ಲ. ಹಸಿರು ಹಿನ್ನೆಲೆಯಲ್ಲಿ ನಾಲ್ಕೇ ನಾಲ್ಕು ಛಾಯೆ. ಪರದೆಯ ಹಿಂದೆ ಬೆಳಕಿಲ್ಲ, ರಾತ್ರಿ ಆಡಬೇಕಂದ್ರೆ ದೀಪದ ಕೆಳಗೆ ಕೂರಬೇಕು. ಅದೇ ವರ್ಷ ಅಟಾರಿ ಲಿಂಕ್ಸ್ ಬಂತು, ಮುಂದಿನ ವರ್ಷ ಸೆಗಾ ಗೇಮ್ ಗೇರ್. ಎರಡಕ್ಕೂ ಬಣ್ಣದ ಪರದೆ, ಬೆಳಕು, ಹೆಚ್ಚು ಕಸುವು. ಪಕ್ಕಪಕ್ಕ ಇಟ್ಟರೆ ಗೇಮ್ ಬಾಯ್ ಪಾಪದ ಹುಡುಗನ ಹಾಗೆ ಕಾಣ್ತಿತ್ತು. ಆದರೆ ಗೇಮ್ ಗೇರ್ ಆರು ಎಎ ಸೆಲ್ ತಿಂದು ಮೂರರಿಂದ ಐದು ಗಂಟೆಯಲ್ಲಿ ಮಲಗಿಬಿಡುತ್ತಿತ್ತು. ಗೇಮ್ ಬಾಯ್ ನಾಲ್ಕೇ ಸೆಲ್ಲಿನಲ್ಲಿ ಹದಿನೈದು ಗಂಟೆ ದಾಟುತ್ತಿತ್ತು. ಬೆಲೆಯೂ ಕಡಿಮೆ. ಶಾಲೆಗೆ ಹೋಗೋ ಮಗುವಿನ ಕಿಸೆಗೆ, ಅದಕ್ಕಿಂತ ಹೆಚ್ಚಾಗಿ ಅದರ ಅಪ್ಪ ಅಮ್ಮನ ಜೇಬಿಗೆ, ಯಾವುದು ಹೊಂದುತ್ತೆ ಹೇಳಿ. ಮುಂದೆ ಬಂದ ಕಲರ್ ಮಾದರಿಯೂ ಸೇರಿ ಗೇಮ್ ಬಾಯ್ ಸುಮಾರು 11.9 ಕೋಟಿ ಮಾರಾಟವಾಯಿತು. ಗೇಮ್ ಗೇರ್ ಒಂದು ಕೋಟಿಯ ಆಸುಪಾಸಿನಲ್ಲಿ ನಿಂತಿತು.

ಗ್ರಾಹಕರ ಜೇಬಿನ ಮಾತು ಹೀಗಾಯ್ತು. ಆಟ ಬರೆಯುವವರ ಕಷ್ಟ ಇನ್ನೊಂದು ಥರದ್ದು. 1994ರ ಕೊನೆಗೆ ಜಪಾನಿನಲ್ಲಿ ಎರಡು ವಾರದ ಅಂತರದಲ್ಲಿ ಸೆಗಾ ಸ್ಯಾಟರ್ನ್ ಮತ್ತು ಸೋನಿಯ ಮೊದಲ ಪ್ಲೇಸ್ಟೇಷನ್ ಬಂದವು. ಸ್ಯಾಟರ್ನ್ ಒಳಗೆ ಎರಡು ಮುಖ್ಯ ಪ್ರೊಸೆಸರ್, ಎಲ್ಲ ಸೇರಿ ಎಂಟು. ಕಾಗದದ ಮೇಲೆ ಭರ್ಜರಿ. ಆದರೆ ಎರಡು ಪ್ರೊಸೆಸರಿಗೆ ಕೆಲಸ ಹಂಚೋದು ಆಗ ಬಹಳ ಜನಕ್ಕೆ ತಲೆನೋವು, ಎಷ್ಟೋ ತಂಡಗಳು ಎರಡನೆಯದನ್ನು ಅರೆಬರೆ ಬಳಸಿ ಸುಮ್ಮನಾದವು. ಪ್ಲೇಸ್ಟೇಷನ್ನಿನಲ್ಲಿ ಮುಖ್ಯ ಪ್ರೊಸೆಸರ್ ಒಂದೇ. ಸಿ ಭಾಷೆಯಲ್ಲಿ ಬರೆಯೋಕೆ ಅಚ್ಚುಕಟ್ಟಾದ ಲೈಬ್ರರಿಗಳನ್ನೂ ಸೋನಿ ಜೊತೆಗೆ ಕೊಟ್ಟಿತು. 1995ರ ಮೇ ತಿಂಗಳಲ್ಲಿ ಲಾಸ್ ಏಂಜಲಿಸ್‌ನ ಮೊದಲ ಇ3 ಮೇಳದಲ್ಲಿ ಸೆಗಾ 399 ಡಾಲರ್ ಅಂತ ಘೋಷಿಸಿತು. ಸೋನಿಯ ಸ್ಟೀವ್ ರೇಸ್ ವೇದಿಕೆ ಹತ್ತಿ "299" ಅಂತಷ್ಟೇ ಹೇಳಿ ಇಳಿದುಬಂದರು. ಸ್ಯಾಟರ್ನ್ ಒಂದು ಕೋಟಿ ಮುಟ್ಟಲಿಲ್ಲ. ಪ್ಲೇಸ್ಟೇಷನ್ ಹತ್ತು ಕೋಟಿ ದಾಟಿತು.

ಇಷ್ಟು ಪಾಠ ಕಲಿಸಿದ ಸೋನಿಯೇ ಹನ್ನೊಂದು ವರ್ಷದ ನಂತರ ಅದನ್ನು ಮರೆತಿದ್ದು ವಿಚಿತ್ರ. ಪ್ಲೇಸ್ಟೇಷನ್ 3ಕ್ಕೆ ಐಬಿಎಂ, ತೋಷಿಬಾ ಜೊತೆ ಸೇರಿ 'ಸೆಲ್' ಅನ್ನೋ ಚಿಪ್ ಮಾಡಿಸಿದರು. ಒಂದು ಮುಖ್ಯ ಪ್ರೊಸೆಸರ್, ಅದರ ಸುತ್ತ ಬೇರೆಯದೇ ಜಾತಿಯ ಸಹಾಯಕ ಪ್ರೊಸೆಸರ್‌ಗಳು. ಅವುಗಳಲ್ಲಿ ಆಟಗಳಿಗೆ ಸಿಗೋದು ಆರು. ಆ ಚಿಪ್ಪಿನ ತಾಕತ್ತು ಸುಳ್ಳಲ್ಲ. ಅದರ ಸುಧಾರಿತ ರೂಪವನ್ನು ಬಳಸಿದ ರೋಡ್‌ರನ್ನರ್ 2008ರಲ್ಲಿ ಪೆಟಾಫ್ಲಾಪ್ ದಾಟಿದ ಮೊದಲ ಸೂಪರ್ ಕಂಪ್ಯೂಟರ್ ಅನ್ನಿಸಿಕೊಂಡಿತು. ಅಮೆರಿಕದ ವಾಯುಪಡೆಯ ಸಂಶೋಧನಾಲಯ 1,760 ಪ್ಲೇಸ್ಟೇಷನ್ 3ಗಳನ್ನು ಜೋಡಿಸಿ ತನ್ನದೇ ಸೂಪರ್ ಕಂಪ್ಯೂಟರ್ ಕಟ್ಟಿಕೊಂಡಿತು. ಆದರೆ ಮನೆಯಲ್ಲಿ ಟೀವಿ ಮುಂದೆ ಕೂತವನಿಗೆ ಇದರಿಂದ ಬಂದ ಭಾಗ್ಯವೇನು? 2006ರಲ್ಲಿ ಬೆಲೆ 499 ಮತ್ತು 599 ಡಾಲರ್. ಆ ಬೆಲೆಗೆ ಮಾರಿಯೂ ಸೋನಿಗೆ ನಷ್ಟ. ಆ ಹಣಕಾಸು ವರ್ಷದಲ್ಲಿ ಅದರ ಗೇಮ್ ವಿಭಾಗ 23,000 ಕೋಟಿ ಯೆನ್‌ಗೂ ಹೆಚ್ಚು ಕಳೆದುಕೊಂಡಿತು. ಎರಡೂ ಕಡೆ ಬಂದ ಎಷ್ಟೋ ಆಟಗಳು, ಒಂದು ವರ್ಷ ಹಳೆಯದಾದ ಎಕ್ಸ್‌ಬಾಕ್ಸ್ 360ರಲ್ಲೇ ಚೆನ್ನಾಗಿ ಓಡುತ್ತಿದ್ದವು. 'ದಿ ಲಾಸ್ಟ್ ಆಫ್ ಅಸ್' ಥರದ ಆಟ ಆ ಚಿಪ್ಪನ್ನು ಹಿಂಡಿ ಹಿಪ್ಪೆ ಮಾಡಿ ತೋರಿಸುವಷ್ಟರಲ್ಲಿ 2013 ಬಂದಿತ್ತು, ಪ್ಲೇಸ್ಟೇಷನ್ 4 ಬಾಗಿಲಲ್ಲಿ ನಿಂತಿತ್ತು. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಹಾಗೆ.

ಪ್ಲೇಸ್ಟೇಷನ್ 4ರ ವಿನ್ಯಾಸ ಮಾಡಿದ ಮಾರ್ಕ್ ಸರ್ನಿ ಒಂದು ಚಂದದ ಅಳತೆ ಮುಂದಿಟ್ಟರು. ಹೊಸ ಯಂತ್ರ ಕೈಗೆ ಕೊಟ್ಟ ಮೇಲೆ, ಪರದೆಯ ಮೇಲೆ ಮೊದಲ ತ್ರಿಕೋನ ಮೂಡಿಸೋಕೆ, ಅಂದರೆ ಯಂತ್ರ ಅರ್ಥವಾಗಿ ಕೆಲಸ ಕೈಹತ್ತೋಕೆ, ಎಷ್ಟು ತಿಂಗಳು ಬೇಕು? ಮೊದಲ ಪ್ಲೇಸ್ಟೇಷನ್ನಿಗೆ ಒಂದೆರಡು ತಿಂಗಳು. ಎರಡನೆಯದಕ್ಕೆ ಮೂರರಿಂದ ಆರು. ಮೂರನೆಯದಕ್ಕೆ ಆರರಿಂದ ಹನ್ನೆರಡು! ನಾಲ್ಕನೆಯದನ್ನು ಅವರು ಬೇಕಂತಲೇ ಸಾಮಾನ್ಯ ಪಿಸಿಯ ಜಾಡಿಗೆ ತಂದು ಮತ್ತೆ ಒಂದೆರಡು ತಿಂಗಳಿಗೆ ಇಳಿಸಿದರು. ಅದು 11 ಕೋಟಿಗೂ ಹೆಚ್ಚು ಮಾರಾಟವಾಯಿತು. ನಮ್ಮ ಕೆಲಸದಲ್ಲೂ ಇದೇ ಅಲ್ವಾ? ಯಾರಿಗೂ ಅರ್ಥವಾಗದ ವೇಗದ ಸಿಸ್ಟಮ್‌ಗಿಂತ, ಸೋಮವಾರ ಸೇರಿದ ಹುಡುಗಿ ಶುಕ್ರವಾರದ ಹೊತ್ತಿಗೆ ಕೋಡ್ ಸೇರಿಸಬಲ್ಲ ಸಿಸ್ಟಮ್ಮೇ ಬಾಳಿಕೆ ಬರೋದು.

ಇಲ್ಲಿ ಒಂದು ಆಕ್ಷೇಪ ಬರುತ್ತೆ, ಬರಲೇಬೇಕು. ಹಾಗಾದ್ರೆ ಬಡಕಲು ಯಂತ್ರವೇ ಯಾವಾಗಲೂ ಗೆಲ್ಲುತ್ತಾ? ಇಲ್ಲ. ಪ್ಲೇಸ್ಟೇಷನ್ 3 ಬಂದ ತಿಂಗಳಲ್ಲೇ ನಿಂಟೆಂಡೋ ವೀ ಬಂತು. ಹಳೆಯ ಗೇಮ್‌ಕ್ಯೂಬ್‌ಗಿಂತ ಸ್ವಲ್ಪವೇ ಹೆಚ್ಚು ಕಸುವು, 250 ಡಾಲರ್ ಬೆಲೆ, ಕೈ ಬೀಸಿದರೆ ಆಟ. ಹತ್ತು ಕೋಟಿ ದಾಟಿತು. ಯೊಕೊಯ್ 1997ರಲ್ಲೇ ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದರು, ಅವರ ಯೋಚನೆ ಮಾತ್ರ ಕಂಪನಿಯಲ್ಲಿ ಬದುಕಿತ್ತು. ಆದರೆ ಅದೇ ನಿಂಟೆಂಡೋ 2012ರಲ್ಲಿ ತಂದ ವೀ ಯು ಕೂಡ ಎದುರಾಳಿಗಳಿಗಿಂತ ಬಡಕಲೇ. ಮಾರಾಟವಾಗಿದ್ದು 1.36 ಕೋಟಿ ಅಷ್ಟೇ. ಹೊಸ ಯಂತ್ರವೋ ಹಳೆಯದಕ್ಕೆ ಜೋಡಿಸೋ ಪರದೆಯೋ ಅಂತಾನೇ ಜನಕ್ಕೆ ತಿಳೀಲಿಲ್ಲ. ಸ್ವತಃ ಯೊಕೊಯ್ ಅವರ ವರ್ಚುವಲ್ ಬಾಯ್ ಕೂಡ 1995ರಲ್ಲಿ ಮಕಾಡೆ ಮಲಗಿತು. ಅಗ್ಗದ ಕೆಂಪು ಎಲ್‌ಇಡಿಯಲ್ಲೇ ಎಲ್ಲವನ್ನೂ ತೋರಿಸಹೊರಟ ಆ ಯಂತ್ರ ನೋಡಿದವರ ಕಣ್ಣು ನೋಯಿಸಿತು. ಬಾಡಿದ ತಂತ್ರಜ್ಞಾನ ಅನ್ನೋದು ಮಂತ್ರವೇನಲ್ಲ.

ಕಸುವು ನಿಜವಾಗಿಯೂ ಆಟವನ್ನು ಬದಲಾಯಿಸಿದ ಸಂದರ್ಭಗಳೂ ಇವೆ. ತೊಂಬತ್ತರ ದಶಕದ ನಡುವೆ ಎರಡು ಆಯಾಮದಿಂದ ಮೂರು ಆಯಾಮಕ್ಕೆ ಜಿಗಿದಿದ್ದು ಬರೀ ಅಲಂಕಾರವಲ್ಲ. 'ಸೂಪರ್ ಮಾರಿಯೋ 64' ಥರದ ಆಟ ಹಳೆಯ ಯಂತ್ರದಲ್ಲಿ ಸಾಧ್ಯವೇ ಇರಲಿಲ್ಲ. ಪ್ಲೇಸ್ಟೇಷನ್ 5ರಲ್ಲೂ ಟೆರಾಫ್ಲಾಪಿಗಿಂತ ದೊಡ್ಡ ವಿಷಯ ಅದರ ಎಸ್‌ಎಸ್‌ಡಿ. ಸೆಕೆಂಡಿಗೆ 5.5 ಗಿಗಾಬೈಟ್ ಓದುತ್ತೆ. ಹಳೆಯ ಆಟಗಳಲ್ಲಿ ನಾಯಕ ಯಾಕೆ ಪದೇಪದೇ ಲಿಫ್ಟಿನಲ್ಲಿ ನಿಲ್ತಾನೆ, ಬಂಡೆಗಳ ಸಂದಿಯಲ್ಲಿ ಯಾಕೆ ನಿಧಾನಕ್ಕೆ ನುಸುಳ್ತಾನೆ ಅಂತ ಯೋಚಿಸಿದ್ದೀರಾ? ಹಿಂದೆ ಹಾರ್ಡ್ ಡಿಸ್ಕ್ ತಿಣುಕಾಡುತ್ತಾ ಮುಂದಿನ ಜಗತ್ತನ್ನು ಎಳೆದು ತರ್ತಾ ಇರುತ್ತೆ, ಅದನ್ನು ಮುಚ್ಚಿಡೋಕೆ. ಆ ಗೋಡೆ ಬಿದ್ದಾಗ ಆಟ ಕಟ್ಟುವವರ ಕೈಕಟ್ಟು ಬಿಚ್ಚಿತು. ಆಟ ಕಟ್ಟುವವರೇ ಮೊದಲು ಕೇಳಿದ್ದೂ ಅದನ್ನೇ. ಇಂಥ ಕಸುವಿಗೆ ನನ್ನ ತಕರಾರಿಲ್ಲ.

ನನ್ನ ತಕರಾರು ಚಿತ್ರದ ಹೊಳಪಿಗೇ ಸುರಿಯೋ ಕಸುವಿನ ಬಗ್ಗೆ. ಒಂದು ಸಣ್ಣ ಲೆಕ್ಕ ಹಾಕೋಣ. 1080ಪಿ ಚಿತ್ರದಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳು. 4ಕೆ ಚಿತ್ರದಲ್ಲಿ ಸುಮಾರು 83 ಲಕ್ಷ, ಅಂದರೆ ನಾಲ್ಕು ಪಟ್ಟು. ಸೆಕೆಂಡಿಗೆ 30 ಚಿತ್ರದ ಬದಲು 60 ಬೇಕು ಅಂದರೆ ಮತ್ತೆ ಎರಡು ಪಟ್ಟು. ಒಟ್ಟು ಎಂಟು ಪಟ್ಟು ಕೆಲಸ. ಪ್ಲೇಸ್ಟೇಷನ್ 4ರ 1.84 ಟೆರಾಫ್ಲಾಪಿನಿಂದ 5ರ 10.28ಕ್ಕೆ ಬಂದಿದ್ದು ಐದೂವರೆ ಪಟ್ಟಿಗಿಂತ ತುಸು ಹೆಚ್ಚು. ಹಳೆಯ ಚಿಪ್ಪಿನ ಫ್ಲಾಪಿಗೂ ಹೊಸ ಚಿಪ್ಪಿನ ಫ್ಲಾಪಿಗೂ ವ್ಯತ್ಯಾಸ ಇದೆ, ಒಪ್ಪೋಣ. ಆದರೂ ಲೆಕ್ಕದ ದಿಕ್ಕು ಗೊತ್ತಾಗುತ್ತಲ್ಲ? ಆಟದಲ್ಲಿ ಹೊಸದೊಂದು ಹುಲ್ಲುಕಡ್ಡಿಯೂ ಸೇರದೆ, ಅದೇ ಆಟವನ್ನು ಇನ್ನಷ್ಟು ನಯವಾಗಿ ತೋರಿಸೋಕೇ ಹೊಸ ಯಂತ್ರದ ಕಸುವೆಲ್ಲ ಖರ್ಚಾಗಿಬಿಡಬಹುದು. ನೂರು ತ್ರಿಕೋನದ ಮುಖ ಸಾವಿರದ್ದಾದಾಗ ಎಲ್ಲರಿಗೂ ಕಾಣುತ್ತೆ. ಹತ್ತು ಲಕ್ಷದ್ದು ಇಪ್ಪತ್ತು ಲಕ್ಷವಾದಾಗ ಸೋಫಾದಲ್ಲಿ ಕೂತು ನೋಡೋರಿಗೆ ಏನು ಕಂಡೀತು?

ಕಾಣದೇ ಇದ್ದರೂ ಅಷ್ಟನ್ನು ಯಾರೋ ಕೂತು ಮಾಡಲೇಬೇಕು. ಯಂತ್ರದ ಕಸುವು ಹೆಚ್ಚಿದಷ್ಟೂ ಆಟದೊಳಗಿನ ಪ್ರತಿ ಕುರ್ಚಿ, ಪ್ರತಿ ಎಲೆ, ಕಾರಿನ ಪ್ರತಿ ಮೊಳೆ ವಿವರವಾಗಿ ಬೇಕು. 2023ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಮೈಕ್ರೋಸಾಫ್ಟ್ ಮೊಕದ್ದಮೆ ನಡೆದಾಗ ಸೋನಿಯ ಕೆಲವು ಗುಟ್ಟಿನ ಅಂಕಿಗಳು ಹೊರಬಿದ್ದವು. ಮಾರ್ಕರಿನಲ್ಲಿ ಕಪ್ಪು ಬಳಿದಿದ್ದರೂ ಸ್ಕ್ಯಾನ್ ಮಾಡಿದಾಗ ಓದೋಕೆ ಬರ್ತಿತ್ತು! 'ದಿ ಲಾಸ್ಟ್ ಆಫ್ ಅಸ್ ಭಾಗ 2'ಕ್ಕೆ ಖರ್ಚಾಗಿದ್ದು 22 ಕೋಟಿ ಡಾಲರ್. 'ಹೊರೈಜನ್ ಫರ್ಬಿಡನ್ ವೆಸ್ಟ್'ಗೆ 21.2 ಕೋಟಿ ಡಾಲರ್. ಇಷ್ಟು ಸುರಿದ ಮೇಲೆ ಹೊಸ ಯೋಚನೆಗೆ ಕೈಹಾಕೋ ಧೈರ್ಯ ಯಾವ ಮ್ಯಾನೇಜರಿಗೆ ಬರುತ್ತೆ? ಗೆದ್ದ ಆಟದ ಎರಡನೇ ಭಾಗ, ಮೂರನೇ ಭಾಗ, ಹಳೆಯದರ ಮರುರೂಪ, ಇವೇ ಬರ್ತಾ ಇರೋದಕ್ಕೆ ಇದೂ ಒಂದು ಕಾರಣ.

ಈ ಖರ್ಚಿನ ಎಳೆ ಬೆಂಗಳೂರಿಗೂ ಬಂದು ಮುಟ್ಟುತ್ತೆ. ರಾಜೇಶ್ ರಾವ್ ಇಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್ ದೇಶದ ಮೊದಮೊದಲ ಗೇಮ್ ಕಂಪನಿಗಳಲ್ಲೊಂದು. ದೊಡ್ಡ ಕನ್ಸೋಲ್ ಆಟಗಳಿಗೆ ಬೇಕಾದ ಕಲಾಕೆಲಸ ಮಾಡಿಕೊಡೋದರಲ್ಲಿ ಹೆಸರು ಮಾಡಿತು. 'ಫೋರ್ಜಾ' ಥರದ ಆಟಗಳ ಕಾರುಗಳ ಹಿಂದೆ ನಮ್ಮೂರಿನ ಕಲಾವಿದರ ಕೈಯೂ ಇದೆ. 2019ರಲ್ಲಿ 'ಗ್ರ್ಯಾಂಡ್ ಥೆಫ್ಟ್ ಆಟೋ' ಮಾಡುವ ರಾಕ್‌ಸ್ಟಾರ್ ಅದನ್ನು 79 ಲಕ್ಷ ಡಾಲರಿಗೆ ಕೊಂಡು, ಬೆಂಗಳೂರಿನಲ್ಲೇ ಇದ್ದ ತನ್ನ ಸ್ಟುಡಿಯೋ ಜೊತೆ ಸೇರಿಸಿಕೊಂಡಿತು. ಕನ್ಸೋಲಿನ ಕಸುವು ಏರಿದಷ್ಟೂ ಇಂಥ ಕೆಲಸ ಹೆಚ್ಚುತ್ತೆ, ಅದು ನಮ್ಮವರಿಗೆ ಒಳ್ಳೆಯದೇ ಅಲ್ವಾ ಅಂತ ನೀವು ಕೇಳಬಹುದು. ನಿಜ, ಒಂದು ಮಟ್ಟಿಗೆ. ಆದರೆ ಒಂದೊಂದು ಆಟದ ಮೇಲೂ ಕಂಪನಿಯ ಹಣೆಬರಹವನ್ನೇ ಪಣಕ್ಕಿಟ್ಟಾಗ, ಒಂದು ಸೋಲು ಸಾಕು ನೂರಾರು ಜನರ ಕೆಲಸ ಹೋಗೋಕೆ. 2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ತನ್ನ ಗೇಮ್ ವಿಭಾಗದಿಂದ 1,900 ಜನರನ್ನು ತೆಗೆಯಿತು. ಅದೇ ವರ್ಷ ಸೋನಿ ತನ್ನ ಲಂಡನ್ ಸ್ಟುಡಿಯೋ ಮುಚ್ಚಿತು. ಆಗಸ್ಟಿನಲ್ಲಿ ಬಿಟ್ಟ 'ಕಾಂಕರ್ಡ್' ಆಟವನ್ನು ಎರಡು ವಾರದಲ್ಲಿ ವಾಪಸ್ ತೆಗೆದುಕೊಂಡು, ಆಮೇಲೆ ಅದನ್ನು ಮಾಡಿದ ಸ್ಟುಡಿಯೋವನ್ನೂ ಮುಚ್ಚಿತು.

ಇನ್ನು ಕೊಳ್ಳುವವರ ಕಡೆಯಿಂದ ನೋಡಿ. ಮೊದಲೆಲ್ಲ ಕನ್ಸೋಲ್ ಹಳತಾದಂತೆ ಅಗ್ಗವಾಗುತ್ತಿತ್ತು. ಅಮೆರಿಕದಲ್ಲಿ ಪ್ಲೇಸ್ಟೇಷನ್ 2 ಬಂದಾಗ 299 ಡಾಲರ್, 2009ರ ಹೊತ್ತಿಗೆ 99. ಆಮೇಲೆ ಬಂದ ಎಕ್ಸ್‌ಬಾಕ್ಸ್ ಮತ್ತು ಗೇಮ್‌ಕ್ಯೂಬ್ ಎರಡಕ್ಕಿಂತ ಅದರ ಕಸುವು ಕಡಿಮೆ ಇದ್ದರೂ 15 ಕೋಟಿಗಿಂತ ಹೆಚ್ಚು ಮನೆ ಸೇರಿತು. ನಮ್ಮ ದೇಶದಲ್ಲಿ ತಯಾರಾದ 'ಹನುಮಾನ್: ಬಾಯ್ ವಾರಿಯರ್' ಬಂದಿದ್ದು 2009ರಲ್ಲಿ, ಅದೂ ಪ್ಲೇಸ್ಟೇಷನ್ 2ಕ್ಕೆ. ಆಗ ಪ್ಲೇಸ್ಟೇಷನ್ 3 ಬಂದು ಮೂರು ವರ್ಷವಾಗಿತ್ತು. ಭಾರತದ ಮನೆಗಳಲ್ಲಿ ಇದ್ದ ಯಂತ್ರ ಯಾವುದು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಈಗ ಈ ದಾರಿ ಮುಚ್ಚಿದೆ. ಚಿಪ್‌ಗಳು ಹಿಂದಿನಂತೆ ವರ್ಷವರ್ಷ ಅಗ್ಗವಾಗುತ್ತಿಲ್ಲ. ಪ್ಲೇಸ್ಟೇಷನ್ 5 ಭಾರತಕ್ಕೆ 2021ರ ಫೆಬ್ರವರಿಯಲ್ಲಿ ಬಂದಾಗ 49,990 ರೂಪಾಯಿ. ಮರುವರ್ಷ 54,990ಕ್ಕೆ ಏರಿತು. ಅಮೆರಿಕದಲ್ಲೂ 2025ರಲ್ಲಿ ಬೆಲೆ ಏರಿತು. ಕಾದರೆ ಅಗ್ಗವಾಗುತ್ತೆ ಅಂತ ಕೂತ ಅಪ್ಪ ಅಮ್ಮಂದಿರ ಲೆಕ್ಕ ತಲೆಕೆಳಗಾಯಿತು.

ಹಾಗಾಗಿ ಮುಂದಿನ ಕನ್ಸೋಲಿಗೆ ಎಷ್ಟು ಕಸುವು ಬೇಕು ಅನ್ನೋದಕ್ಕೆ ನನ್ನ ಉತ್ತರ ಟೆರಾಫ್ಲಾಪಿನಲ್ಲಿಲ್ಲ, ಮೂರು ಪ್ರಶ್ನೆಗಳಲ್ಲಿದೆ. ಇಂದು ಮಾಡಲಾಗದ ಯಾವ ಆಟ ಈ ಕಸುವಿನಿಂದ ಸಾಧ್ಯವಾಗುತ್ತೆ? ಇಪ್ಪತ್ತು ಜನರ ತಂಡವೊಂದು ಅದನ್ನು ಒಂದೆರಡು ತಿಂಗಳಲ್ಲಿ ಕಲಿತು ಬಳಸಬಲ್ಲದಾ? ಐದನೇ ವರ್ಷದಲ್ಲಿ ಅದರ ಬೆಲೆ ಇಳಿಯುತ್ತಾ, ಏರುತ್ತಾ? 2017ರ ನಿಂಟೆಂಡೋ ಸ್ವಿಚ್ ಒಳಗಿದ್ದಿದ್ದು ಎರಡು ವರ್ಷ ಹಳೆಯ ಮೊಬೈಲ್ ಜಾತಿಯ ಚಿಪ್. ಟೀವಿಗೂ ಸೈ, ಬಸ್ಸಿನಲ್ಲಿ ಕೈಯಲ್ಲಿ ಹಿಡಿಯೋಕೂ ಸೈ ಅನ್ನೋದೇ ಅದರ ಹೊಸತನ. ಜೊತೆಗೆ ಬಂದ 'ಜೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್' ಆಟವನ್ನು ಇವತ್ತಿಗೂ ಜನ ಕೊಂಡಾಡ್ತಾರೆ. ಸ್ವಿಚ್ 15 ಕೋಟಿ ದಾಟಿದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋ ಮಾತನ್ನು ನಾವು ಸಾಮಾನ್ಯವಾಗಿ ಕೊಳ್ಳುವವನಿಗೆ ಹೇಳ್ತೀವಿ. ಈ ಐವತ್ತು ವರ್ಷದ ಇತಿಹಾಸ ನೋಡಿದರೆ ಅದನ್ನು ಕನ್ಸೋಲ್ ಮಾಡುವವರಿಗೇ ಹೇಳಬೇಕು ಅನ್ಸುತ್ತೆ. ಮುಂದಿನ ಪೆಟ್ಟಿಗೆ ಮೇಲೆ ಇನ್ನೂ ದೊಡ್ಡ ಸಂಖ್ಯೆ ಬರೆದಿರೋದಂತೂ ಖಂಡಿತ. ಕೊಳ್ಳೋ ಮುಂಚೆ ಆ ಸಂಖ್ಯೆಯನ್ನು ಬಿಟ್ಟು, ಅದರ ಜೊತೆಗೆ ಬಂದಿರೋ ಆಟಗಳ ಪಟ್ಟಿ ನೋಡಿ. ಹಳೆಯ ಯಂತ್ರದಲ್ಲಿ ಆಡಲಾಗದ ಒಂದು ಆಟವಾದರೂ ಅದರಲ್ಲಿ ಸಿಕ್ಕರೆ ದುಡ್ಡು ಕೊಡಿ. ಸಿಗಲಿಲ್ಲವಾ, ಮನೆಯಲ್ಲಿರೋ ಯಂತ್ರಕ್ಕೆ ಇನ್ನೊಂದೆರಡು ವರ್ಷ ಆಯುಸ್ಸಿದೆ ಅಂದ್ಕೊಳ್ಳಿ.